ನಗದಿದ್ದರೆ ಹೊರಡದ ಬಸ್ಸು

ಅವರ ಬೀಳ್ಕೊಡುಗೆಯ ಸ್ಮರಣ ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕಾರ್ಖಾನೆಯ ಕಡೆಯವರೊಬ್ಬರು ನನಗೆ ಫೋನ್ ಮಾಡಿದ್ದರು. ನೀವು ಅವರ ಮನೆಯಲ್ಲೇ ಬಾಡಿಗೆಗೆ ಇದ್ದವರು, ಮೇಲಾಗಿ ಪತ್ರಿಕೆಯವರು, ನಿಮಗಿಂತ ಚೆನ್ನಾಗಿ ಯಾರು ಬರೆಯುತ್ತಾರೆ ಎಂದರು. ಯೋಚಿಸಿ ನೋಡಿದೆ. ಒಳ್ಳೆಯ ಮಾತು ಎರಡು ಸಿಕ್ಕವು. ಅವರು ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು. ಅವರ ಬಳಿ ಇದ್ದ ಒಂದು ಜಪಾನಿ ಹಾಡುಗಳ ಆಲ್ಬಮ್ ನಿಜಕ್ಕೂ ಚೆನ್ನಾಗಿತ್ತು. ಇಷ್ಟರಲ್ಲಿ ಪುಟ ತುಂಬುವುದಿಲ್ಲ ಅನ್ನಿಸಿ, ಕೆಲಸ ಹೆಚ್ಚು ಎಂದು ಹೇಳಿ ತಪ್ಪಿಸಿಕೊಂಡೆ.

ಸಮಾರಂಭ ಮುಗಿದಿದೆ. ಸಂಚಿಕೆ ಹಂಚಿಯಾಗಿದೆ. ಅದರಲ್ಲಿ ಅವರನ್ನು ಹೊಗಳದವರಿಲ್ಲ. ಆದ್ದರಿಂದ ನನಗೆ ಗೊತ್ತಿರುವುದನ್ನೂ ಒಂದು ಕಡೆ ಬರೆದಿಡುವುದು ಸರಿ. ಹೆಸರು ಹಾಕುವುದಿಲ್ಲ. ಉದ್ದಕ್ಕೂ ‘ಅವರು’ ಎಂದೇ ಬರೆಯುತ್ತೇನೆ. ಅದು ಪತ್ರಿಕೆಯ ಅಭ್ಯಾಸ, ಗೌರವವಲ್ಲ.

ಅವರು ನಂಗಲಿಯವರು. ನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಬಸ್ಸು, ಕ್ಯಾಂಟೀನು, ಬೆಳಗಿನ ಕವಾಯತು ನೋಡಿಕೊಳ್ಳುವ ಅಧಿಕಾರಿಯಾಗಿದ್ದರು. ಮುಳಬಾಗಿಲಿನಲ್ಲಿ ಮನೆ ಕಟ್ಟಿಸಿದ್ದರು. ನಾನು ಆಗ ಮುಳಬಾಗಿಲಿನ ವರದಿಗಾರ. ಅವರ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೆಳಗಿನ ಪಾಳಿಯ ಬಸ್ಸು ಅವರ ಬೀದಿಯ ತುದಿಯಿಂದಲೇ ಹೊರಡುತ್ತಿತ್ತು. ಅವರು ಮೊದಲ ಸೀಟಿನಲ್ಲಿ ಕೂತು, ಪ್ರತಿ ಸ್ಟಾಪಿನಲ್ಲೂ ಇಳಿದು ಬಾಗಿಲ ಬಳಿ ನಿಲ್ಲುತ್ತಿದ್ದರು. ಹತ್ತುವವರು ಒಬ್ಬೊಬ್ಬರಾಗಿ ಅವರ ಮುಖ ನೋಡಿ ನಗಬೇಕು. ನಗದಿದ್ದರೆ ಬಸ್ಸು ಹೊರಡುವುದಿಲ್ಲ.

ಇದು ಕಾರ್ಖಾನೆಯ ನಿಯಮವಾಗಿರಲಿಲ್ಲ. ಇದನ್ನು ನಾನು ವಿಚಾರಿಸಿ ತಿಳಿದುಕೊಂಡಿದ್ದೇನೆ. ಇದು ಅವರೇ ಮಾಡಿದ ನಿಯಮ. “ನವ್ವಮ್ಮಾ, ನವ್ವು. ನೀನು ನಕ್ಕರೆ ಬಸ್ಸು ಹೋಗ್ತದೆ” ಎಂದು ತೆಲುಗು ಕನ್ನಡ ಬೆರೆಸಿ ಹೇಳುತ್ತಿದ್ದರು. ದನಿ ಎತ್ತುತ್ತಿರಲಿಲ್ಲ. ಎರಡು ಬೆರಳನ್ನು ತಮ್ಮ ತುಟಿಯ ಎರಡು ತುದಿಗೆ ಇಟ್ಟು ಮೇಲಕ್ಕೆ ಎಳೆದು ತೋರಿಸುತ್ತಿದ್ದರು, ಸಣ್ಣ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುವವರ ಹಾಗೆ. ಗೇಟಿನಲ್ಲಿ ತಡವಾದರೆ ಇಡೀ ಬಸ್ಸಿನವರಿಗೆ ಹಾಜರಿ ಅರ್ಧವಾಗುತ್ತಿತ್ತು. ಹಾಗಾಗಿ ಅವರು ಯಾರನ್ನೂ ಬೈಯಬೇಕಾಗಿ ಬರುತ್ತಿರಲಿಲ್ಲ. ಒಳಗೆ ಕೂತವರೇ ಬಾಗಿಲಲ್ಲಿ ನಿಂತವಳನ್ನು ಬೇಡಿಕೊಳ್ಳುತ್ತಿದ್ದರು. “ನಗೇ ತಾಯಿ, ನಿಂಗೆ ಕೈ ಮುಗೀತೀನಿ, ಹೊತ್ತಾಯ್ತದೆ.”

ಎಲ್ಲರೂ ಅವರನ್ನು ‘ನಗು ಸಾರ್’ ಎನ್ನುತ್ತಿದ್ದರು. ಅದು ಪ್ರೀತಿಯ ಹೆಸರೆಂದು ಅವರು ನಂಬಿದ್ದರು.

ಮನೆಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಲಿಲ್ಲ. ಹೆಂಡತಿ ಕಾಫಿ ತಂದಿಟ್ಟರೆ ಲೋಟದ ಕಡೆ ನೋಡುತ್ತಿದ್ದರು, ಮುಖದ ಕಡೆಗಲ್ಲ. ಆಕೆಯನ್ನು ಅವರು ಕರೆಯುತ್ತಿದ್ದುದು “ಇಲ್ನೋಡು” ಎಂದು. ಬಾಡಿಗೆ ತಡವಾದರೆ ಕೇಳುತ್ತಿರಲಿಲ್ಲ. ಆ ದಿನ ಸಂಜೆ ಮಹಡಿಯ ನೀರಿನ ವಾಲ್ವು ತಿರುಗಿಸಿಬಿಡುತ್ತಿದ್ದರು. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕರೆ ಮೊದಲು ನಮಸ್ಕಾರ ಮಾಡುವವರು ಅವರೇ.

ಇನ್ನು ಆಲ್ಬಮ್. ಅದು ಕೆಟ್ಟದ್ದಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಹಾಗಿರಲಿಲ್ಲ.

ಕಾರ್ಖಾನೆಯವರು ಅವರನ್ನು ತರಬೇತಿಗೆಂದು ಕೆಲವು ತಿಂಗಳು ಜಪಾನಿಗೆ ಕಳಿಸಿದ್ದರು. ಬರುವಾಗ ಆ ಸಿ.ಡಿ. ತಂದರು. ಹೊದಿಕೆಯ ಮೇಲೆ ನೀಲಿ ಆಕಾಶ, ಸಮುದ್ರದ ದಂಡೆ, ಮರಳಿನಲ್ಲಿ ಬಿಟ್ಟ ಒಂದು ಜೊತೆ ಚಪ್ಪಲಿ, ಕತ್ತರಿಸಿದ ಕಲ್ಲಂಗಡಿ. ಹಾಡುವವಳು ಒಬ್ಬ ಹುಡುಗಿ. ಜೊತೆಗೆ ಗಿಟಾರ್, ಡ್ರಮ್ಸ್, ಒಂದು ಸಣ್ಣ ಕೀಬೋರ್ಡು. ಮೊದಲ ಹಾಡು ಶುರುವಾಗುವಾಗ ಡ್ರಮ್ಮಿನವನು ಕಡ್ಡಿಗೆ ಕಡ್ಡಿ ತಟ್ಟಿ ಲೆಕ್ಕ ಕೊಡುತ್ತಾನೆ. ಮೊದಲ ಪದಕ್ಕೆ ಬಾಯಿ ತೆರೆಯುವ ಮುಂಚೆ ಆ ಹುಡುಗಿ ನಕ್ಕುಬಿಡುತ್ತಾಳೆ. ಅದು ಹಾಡಿನ ನಗುವಲ್ಲ. ಪಕ್ಕದಲ್ಲಿದ್ದವರು ಯಾರೋ ಏನೋ ಅಂದಿರಬೇಕು, ಅದಕ್ಕೆ ಬಂದದ್ದು. ಅದನ್ನು ತೆಗೆದುಹಾಕದೆ ಬಿಟ್ಟಿದ್ದರು. ಆಮೇಲೆ ಗಿಟಾರ್ ಬರುತ್ತದೆ, ತೊಳೆದು ಬೋರಲು ಹಾಕಿದ ಸ್ಟೀಲ್ ಪಾತ್ರೆಗಳ ಮೇಲೆ ಬಿಸಿಲು ಬಿದ್ದ ಹಾಗೆ. ಡ್ರಮ್ಮಿನ ಓಟ ಕೊನೆಯ ಪರೀಕ್ಷೆ ಬರೆದು ಶಾಲೆಯ ಗೇಟು ದಾಟುವ ಮಕ್ಕಳ ಓಟ. ಮೇಲಿನ ಸ್ವರಕ್ಕೆ ಹೋದಾಗ ಹುಡುಗಿಯ ದನಿ ಕೊಂಚ ಒಡೆಯುತ್ತದೆ. ಅವಳು ಅದನ್ನು ಮುಚ್ಚಿಡುವುದಿಲ್ಲ.

ಹೊದಿಕೆಯ ಚಿತ್ರ ನೋಡಿದರೆ ಅವು ಬೇಸಿಗೆ ರಜೆಯ ಹಾಡುಗಳು. ಕೋಲಾರದ ಕಡೆಯವರಿಗೆ ಬೇಸಿಗೆಯನ್ನು ಹಾಡಿ ಹೊಗಳುವುದು ವಿಚಿತ್ರ. ನಮ್ಮಲ್ಲಿ ಬೇಸಿಗೆ ಎಂದರೆ ಟ್ಯಾಂಕರಿನ ಹಿಂದೆ ಕೊಡಗಳ ಸಾಲು. ಆದರೂ ಆ ಆಲ್ಬಮ್ ಕೇಳುವಾಗ ನನಗೆ ಸಮುದ್ರ ಕಾಣಿಸುತ್ತಿರಲಿಲ್ಲ, ಶ್ರೀನಿವಾಸಪುರದ ನಮ್ಮ ದೊಡ್ಡಮ್ಮನ ಮನೆ ಕಾಣಿಸುತ್ತಿತ್ತು. ಪರೀಕ್ಷೆ ಮುಗಿಸಿ ಅಲ್ಲಿಗೆ ಹೋದರೆ ಹಜಾರದಲ್ಲಿ ಹುಲ್ಲಿನ ಮೇಲೆ ಮಾವು ಹರಡಿರುತ್ತಿತ್ತು. ಮೊಣಕೈವರೆಗೆ ರಸ ಇಳಿಸಿಕೊಂಡು ತಿಂದು, ಬಾಯಿ ತೊಳೆಯದೆ ಮತ್ತೊಂದಕ್ಕೆ ಕೈ ಹಾಕುತ್ತಿದ್ದೆವು. ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಈ ಹಾಡುಗಳಲ್ಲೂ ಅದೇ ಬಿಡುವು ಇತ್ತು. ಅವುಗಳ ಅರ್ಥ ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ಅವು ಯಾರಿಗೂ ಏನನ್ನೂ ಬೋಧಿಸುತ್ತಿರಲಿಲ್ಲ.

ಬೋಧಿಸುವ ಕೆಲಸವನ್ನು ಅವರು ವಹಿಸಿಕೊಂಡರು. ಭಾನುವಾರ ಅಂಗಳದಲ್ಲಿ ಸ್ಪೀಕರ್ ಇಟ್ಟು, ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ಬೇರೆಯವರು ಆ ಸ್ಪೀಕರ್ ಮುಟ್ಟುವಂತಿರಲಿಲ್ಲ. ಬಸ್ಸಿಗೆಂದು ಪೆನ್‌ಡ್ರೈವಿಗೆ ಹಾಕಿಸಿದ್ದರು. ಬೆಳಗಿನ ಕವಾಯತಿಗೂ ಅದೇ, ಕ್ಯಾಂಟೀನಿನಲ್ಲೂ ಅದೇ. ಹೊಸದಾಗಿ ಸೇರಿದವರಿಗೆ ಆ ಮೊದಲ ನಗುವನ್ನು ಮತ್ತೆ ಮತ್ತೆ ಹಾಕಿ ತೋರಿಸುತ್ತಿದ್ದರು. “ನೋಡಿ, ಅವ್ರು ಕೆಲಸ ಶುರು ಮಾಡೋಕೆ ಮುಂಚೆ ನಗ್ತಾರೆ. ಅದಕ್ಕೇ ಆ ದೇಶ ಮುಂದೆ ಬಂದಿರೋದು.”

ಒಮ್ಮೆ ಅವರು ತಿರುಪತಿಗೆ ಹೋಗಿದ್ದಾಗ ಕೆಳಗಿನಿಂದ ನಾನು ಕೇಳದ ಹಾಡೊಂದು ಬಂತು. ಅದೇ ಹುಡುಗಿಯ ದನಿ, ಆದರೆ ನಿಧಾನ. ಗಿಟಾರ್ ಒಂದೊಂದೇ ತಂತಿ ಮೀಟುತ್ತಿತ್ತು. ಡ್ರಮ್ಸ್ ಇರಲೇ ಇಲ್ಲ. ಇಳಿದು ನೋಡಿದರೆ ಅವರ ಹೆಂಡತಿ ಅಂಗಳದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದರು, ನಾನು ಬೇಡವೆಂದೆ.

“ಇದು ಯಾವ್ದಮ್ಮ? ಕೇಳೇ ಇಲ್ವಲ್ಲ.”

“ಅದ್ರಲ್ಲೇ ಇರೋದು, ಕೊನೇದು. ಇದೊಂದು ಬಂದ್ರೆ ಅವ್ರು ಎದ್ದೋಗಿ ನಿಲ್ಲಿಸಿಬಿಡ್ತಾರೆ. ಬಸ್ಸಿನ ಪೆನ್‌ಡ್ರೈವಲ್ಲೂ ತೆಗ್ಸಿಬಿಟ್ಟವ್ರೆ.”

“ಯಾಕೆ?”

“ಅಳು ಬರೋ ಹಾಡಂತೆ. ನಂಗಿದೇ ಇಷ್ಟ.” ಸಿಪ್ಪೆಯನ್ನು ಒಂದು ಕಡೆ ಸರಿಸಿ ಹೇಳಿದರು, “ರಜ ಮುಗ್ದೋದಂಗೆ ಇರ್ತದೆ. ಇದನ್ನ ಕೇಳಿ ಆಮೇಲೆ ಮೊದಲ್ನೇದು ಕೇಳಿ ನೋಡಿ. ಆಗ ಅದು ಇನ್ನೂ ಚೆನ್ನಾಗಿ ಕೇಳಿಸ್ತದೆ.”

ಹಾಗೇ ಮಾಡಿದೆವು. ಆಕೆ ಹೇಳಿದ್ದು ನಿಜ. ಹುಡುಗಿ ಅಷ್ಟು ಖುಷಿಯಾಗಿ ಹಾಡುವುದು ಬೇಸಿಗೆ ಮುಗಿದುಹೋಗುತ್ತದೆಂದು ಗೊತ್ತಿದ್ದೇ. ಆ ಆಲ್ಬಮ್ಮಿನ ಬಗ್ಗೆ ಇದಕ್ಕಿಂತ ತಿಳಿವಳಿಕೆಯ ಮಾತನ್ನು ನಾನು ಕೇಳಿಲ್ಲ. ಅದನ್ನು ಆಡಿದವರು ಆ ಸ್ಪೀಕರ್ ಮುಟ್ಟಬಾರದವರು.

ಆಲ್ಬಮ್ ಅವರಿಗೆ ಹೇಗೆ ಸಿಕ್ಕಿತೆಂಬ ಕಥೆಯನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ತರಬೇತಿಯ ಊರಿನಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ, ಭಾಷೆ ತಿಳಿಯುತ್ತಿರಲಿಲ್ಲ. ಸಂಜೆ ಒಂದು ಅಂಗಡಿಗೆ ಹೋಗಿ ಬ್ರೆಡ್ಡು ಹಾಲು ತರುತ್ತಿದ್ದರು. ಅಲ್ಲಿ ಯಾವಾಗಲೂ ಈ ಹಾಡುಗಳು. ಅಂಗಡಿಯ ಹುಡುಗಿ ಹಾಡಿನ ಜೊತೆ ಗುನುಗುತ್ತಾ ಅವರನ್ನು ನೋಡಿ ದಿನವೂ ನಗುತ್ತಿದ್ದಳು. “ಗುರುತಿಲ್ಲ, ಪರಿಚಯ ಇಲ್ಲ. ಆದ್ರೂ ನಗ್ತಿದ್ಲು ಸಾರ್. ಆವತ್ತೇ ತಿಳೀತು, ಇದೆಲ್ಲ ಈ ಹಾಡಿನ ಮಹಿಮೆ ಅಂತ.” ಅದನ್ನು ಹೇಳುವಾಗ ಮಾತ್ರ ಅವರ ಕಣ್ಣಲ್ಲಿ ನಿಜವಾದದ್ದೇನೋ ಕಾಣುತ್ತಿತ್ತು. ಅದನ್ನು ದಾಖಲಿಸದಿದ್ದರೆ ಅನ್ಯಾಯ. ಆದರೆ ಆ ಅಂಗಡಿಯ ಬಾಗಿಲಲ್ಲೂ ಯಾರಾದರೂ ನಿಂತು ಆ ಹುಡುಗಿಗೆ ನಗು ಎಂದಿರಬಹುದು ಎಂಬ ಯೋಚನೆ ಅವರಿಗೆ ಒಮ್ಮೆಯೂ ಬಂದಂತಿಲ್ಲ.

ಒಂದು ದಿನ, ನಮ್ಮ ನಗುವ ಬಸ್ಸಿನ ಮೇಲೆ ಒಂದು ಲೇಖನ ಬರೆಯಿರಿ ಎಂದು ಅವರೇ ನನ್ನನ್ನು ಬಸ್ಸಿಗೆ ಕರೆದೊಯ್ದರು. ಡ್ರೈವರ್ ಬಾಬು ಭಾಯ್ ಮುಳಬಾಗಿಲಿನವರು, ನನಗೆ ಮೊದಲಿಂದ ಪರಿಚಯ. ಬಾನೆಟ್ ಪಕ್ಕದ ಸೀಟು ಒರೆಸಿಕೊಟ್ಟರು. “ಗಾನಾ ಅಚ್ಛಾಚ್ ಹೈ ಸಾಬ್. ಹಾಡಲ್ಲಿ ಏನೂ ತಪ್ಪಿಲ್ಲ” ಎಂದು ಮೆಲ್ಲಗೆ ಹೇಳಿ, ಹಿಂದಿನಿಂದ ಅವರು ಬಂದದ್ದು ಕಂಡು ಸುಮ್ಮನಾದರು.

ದೇವರಾಯಸಮುದ್ರದ ಸ್ಟಾಪಿನಲ್ಲಿ ಹತ್ತಿದವರಲ್ಲಿ ಕೊನೆಯವಳು ಒಬ್ಬ ಸಣ್ಣ ವಯಸ್ಸಿನ ಹೆಂಗಸು. ತಂದೆಯ ತಿಥಿ ಮುಗಿಸಿ ಆವತ್ತೇ ಕೆಲಸಕ್ಕೆ ಬಂದಿದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟು ತಲೆ ತಗ್ಗಿಸಿದಳು. ಅವರು ಕಂಬಿ ಹಿಡಿದು ದಾರಿಗೆ ಅಡ್ಡ ನಿಂತರು.

“ನವ್ವಮ್ಮಾ.”

“ಸಾರ್, ನಮ್ಮಪ್ಪ...”

“ಗೊತ್ತಮ್ಮ. ಅದಕ್ಕೇ ಹೇಳೋದು. ನಕ್ಕರೆ ಮನಸು ಹಗುರ ಆಗ್ತದೆ.”

ಆಕೆ ನಿಂತೇ ಇದ್ದಳು. ಸ್ಪೀಕರಿನಲ್ಲಿ ಆ ಹುಡುಗಿ ಹಾಡುತ್ತಿದ್ದಳು. ಬಾಬು ಭಾಯ್ ಸ್ಟೀರಿಂಗ್ ಮೇಲೆ ಹಣೆ ಇಟ್ಟರು. ಹಿಂದಿನ ಸೀಟುಗಳಿಂದ ಗುಸುಗುಸು ಶುರುವಾಯಿತು. ಯಾರೋ “ಬಿಡಿ ಸಾರ್” ಎಂದರು. ಇನ್ಯಾರೋ, “ನಕ್ಬಿಡೇ, ಒಂದ್ಸಲ ನಕ್ಬಿಡು, ಗೇಟ್ ಹಾಕ್ಬಿಡ್ತಾರೆ” ಎಂದರು. ಆಕೆ ನಕ್ಕಳು. ತುಟಿ ಅಗಲವಾಯಿತು, ಹಲ್ಲು ಕಂಡವು. ಅವರು ಕಂಬಿ ಬಿಟ್ಟರು.

ಸೀಟಿಗೆ ಬಂದು ನನ್ನ ಕಡೆ ಬಾಗಿ ಹೇಳಿದರು: “ನೋಡಿದ್ರಾ ಸಾರ್? ಮನೇಲಿ ಸಾವು. ಆದ್ರೂ ನಕ್ಕಳು.”

ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ಒಂದು ವಿಶೇಷಣವನ್ನೂ ಹಾಕಲಿಲ್ಲ. ತಂದೆಯ ತಿಥಿ ಮುಗಿಸಿ ಬಂದ ಮಹಿಳೆ ನಗುವವರೆಗೆ ಬಸ್ಸು ಹೊರಡಲಿಲ್ಲ ಎಂಬುದನ್ನು ಮೊದಲ ಪ್ಯಾರಾದಲ್ಲೇ ಇಟ್ಟೆ. ಓದಿದವರಿಗೆ ಅರ್ಥವಾಗುತ್ತದೆಂದು ಭಾವಿಸಿದ್ದೆ. ಅವರು ಅದಕ್ಕೆ ಗಾಜು ಹಾಕಿಸಿ ಹಜಾರದಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಆ ಮೊದಲ ಪ್ಯಾರಾವನ್ನೇ ಬೆರಳಿಟ್ಟು ತೋರಿಸುತ್ತಿದ್ದರು.

ಅರ್ಥ ಮಾಡಿಕೊಂಡವಳು ನಾಗವೇಣಿ. ಆವತ್ತು ಬಸ್ಸಿನಲ್ಲಿ ‘ಬಿಡಿ ಸಾರ್’ ಎಂದವಳು ಅವಳೇ ಎಂದು ಆಮೇಲೆ ತಿಳಿಯಿತು. ದೇವರಾಯಸಮುದ್ರದವಳು, ರೇಷ್ಮೆ ಹುಳು ಸಾಕುವ ಮನೆಯ ಸೊಸೆ. ಕಾರ್ಖಾನೆಯಲ್ಲಿ ತರಬೇತಿಯ ಅವಧಿ ಮುಗಿಯುತ್ತಾ ಬಂದಿತ್ತು. ಪರ್ಮನೆಂಟ್ ಆಗುವವರ ಪೈಕಿ ಅವಳೂ ಒಬ್ಬಳು. ಪರ್ಮನೆಂಟ್ ಆದರೆ ಮಗಳನ್ನು ಮುಳಬಾಗಿಲಿನ ಒಳ್ಳೆಯ ಶಾಲೆಗೆ ಹಾಕಬೇಕೆಂದು ಗಂಡನನ್ನೂ ಅತ್ತೆಯನ್ನೂ ಒಪ್ಪಿಸಿಟ್ಟಿದ್ದಳು. ಅವಳ ತಾಯಿ ಸುತ್ತಲ ಊರುಗಳಲ್ಲಿ ಮದುವೆಗೆ ಕರೆಸಿಕೊಳ್ಳುವಷ್ಟು ಚೆನ್ನಾಗಿ ಬೀಗರ ಹಾಡು ಹೇಳುತ್ತಿದ್ದವರು.

ಬೀಗರ ಹಾಡು ಎಂದರೆ ಗೊತ್ತಿರುವುದೇ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿಕೊಂಡು ಹಾಡಿನಲ್ಲಿ ಹಂಗಿಸುತ್ತಾರೆ. ಬೀಗರ ಹೊಟ್ಟೆ, ಬೀಗಿತ್ತಿಯ ಮೂಗು, ಯಾವುದನ್ನೂ ಬಿಡುವುದಿಲ್ಲ. ಹಂಗಿಸಿಕೊಂಡವರು ಸಿಟ್ಟಾಗುವಂತಿಲ್ಲ. ನಗಬೇಕು. ನಕ್ಕು, ತಾಂಬೂಲವನ್ನು ಹಾಡುವವರ ತಟ್ಟೆಗೆ ಇಡಬೇಕು. ಆಗ ಹಾಡು ನಿಲ್ಲುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ದೇವರಾಯಸಮುದ್ರದ ಕಡೆ ಇದು ಕಟ್ಟುನಿಟ್ಟು. ತಾಂಬೂಲ ಬರುವವರೆಗೆ ಹಾಡು ನಿಲ್ಲುವುದಿಲ್ಲ. ಸಿಟ್ಟು ಮಾಡಿಕೊಂಡ ಬೀಗರನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

ಆ ಮೊದಲ ಹಾಡಿನ ಧಾಟಿ ದಿನಾ ಕೇಳಿ ಕೇಳಿ ಬಸ್ಸಿನವರಿಗೆಲ್ಲ ಬಾಯಿಗೆ ಬಂದಿತ್ತು. ನಾಗವೇಣಿ ಅದಕ್ಕೆ ಪದ ಕೂಡಿಸಿದಳು. ಬಾಬು ಭಾಯ್ ಹೇಳಿದ ಪ್ರಕಾರ, ತಿಥಿ ಮುಗಿಸಿ ಬಂದಿದ್ದ ಆ ಹೆಂಗಸೇ ಮೊದಲು ದನಿಗೂಡಿಸಿದ್ದು. ಸ್ಪೀಕರಿನ ಹುಡುಗಿ ನಕ್ಕ ಜಾಗದಲ್ಲಿ ಬಸ್ಸಿನ ಹೆಂಗಸರೆಲ್ಲ ಒಟ್ಟಿಗೆ ನಕ್ಕು, ಅಲ್ಲಿಂದ ಹಿಡಿಯುತ್ತಿದ್ದರು:

ಹಲ್ಲು ನೋಡಿ ಹತ್ತಿಸ್ಕೋತಾನೆ ಬೀಗರ ಯಜಮಾನ,
ಎತ್ತಿನ ಸಂತೇಲಿ ಕಲ್ತು ಬಂದ್ನಂತೆ ಈ ಜಾಣ.

ಎತ್ತು ಕೊಳ್ಳುವವರು ಬಾಯಿ ಅಗಲಿಸಿ ಹಲ್ಲು ನೋಡುವುದು ಇಲ್ಲಿ ಎಲ್ಲರಿಗೂ ಗೊತ್ತು. ಮುಂದೆ ಇನ್ನೂ ಸಾಲುಗಳಿದ್ದವು, ಕೆಲವು ತೆಲುಗಿನಲ್ಲಿ. ಅವರ ಬೊಕ್ಕತಲೆ, ಅವರ ಎರಡು ಬೆರಳು, ಸಮುದ್ರ ನೋಡಿ ಬಂದು ಕೆರೆಯಲ್ಲಿ ಉಪ್ಪು ಹುಡುಕುವ ಬೀಗ. ಕೆಟ್ಟ ಮಾತು ಒಂದೂ ಇರಲಿಲ್ಲ. ಅವರು ಮೊದಲ ಸೀಟಿನಲ್ಲೇ ಕೂತಿರುತ್ತಿದ್ದರು. ಹೆಂಗಸರು ಕಾದದ್ದು ಒಂದಕ್ಕೇ. ಅವರು ತಿರುಗಿ ನೋಡಿ ನಗಲಿ, ಒಂದೆಲೆ ಅಡಿಕೆ ಕೊಡಲಿ, ಮುಗಿಯಿತು. ಊರಿಗೆಲ್ಲ ನಗು ಕಲಿಸುವವರಿಗೆ ಇದು ಕಷ್ಟದ ಪರೀಕ್ಷೆಯಲ್ಲ.

ಅವರಿಗೆ ಅರ್ಥವಾಗಲಿಲ್ಲ ಎನ್ನುವಂತಿಲ್ಲ. ನಂಗಲಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಕನ್ನಡವೂ ಗೊತ್ತು, ಆ ತೆಲುಗೂ ಗೊತ್ತು, ಬೀಗರ ಹಾಡಿನ ರೀತಿಯೂ ಗೊತ್ತು. ಅವರು ತಿರುಗಿ ನೋಡಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು.

ತಿಂಗಳು ಕಳೆಯುವುದರೊಳಗೆ ನಾಗವೇಣಿಯ ಜೊತೆಯವರೆಲ್ಲ ಪರ್ಮನೆಂಟ್ ಆದರು. ಅವಳನ್ನು ಮನೆಗೆ ಕಳಿಸಿದರು. ನಡತೆ ಸರಿಯಿಲ್ಲ ಎಂಬುದು ಕಾರಣ. ಅವರು ಮೇಲಿನವರ ಮುಂದೆ ಫೋನಿಟ್ಟು ಆ ಹಾಡನ್ನು ಕೇಳಿಸಿದ್ದರೆಂದು ಕ್ಯಾಂಟೀನಿನವರಿಂದ ಸುದ್ದಿ ಬಂತು.

ಅವಳು ಗಂಡನ ಜೊತೆ ನನ್ನ ಕೋಣೆಗೆ ಬಂದಳು. ಕೆಳಗೆ ಅವರ ಮನೆ, ಮೇಲೆ ನನ್ನ ಕೋಣೆ. ಮೆಟ್ಟಿಲು ಹತ್ತುವಾಗ ಅವಳು ಚಪ್ಪಲಿ ಸದ್ದು ಮಾಡಿಕೊಂಡೇ ಬಂದಳು. ಗಂಡ ಹಿಂದೆ ನಿಂತು “ಮೆಲ್ಗೆ ಕಣೇ” ಎನ್ನುತ್ತಿದ್ದ.

“ಸಾರ್, ನಾನು ಕಳ್ಳತನ ಮಾಡಿದ್ರೆ ಹೇಳ್ಲಿ, ಮಾಲು ಕೆಡಿಸಿದ್ರೆ ಹೇಳ್ಲಿ. ಹಾಡು ಹೇಳಿದ್ರೆ ಯಾವೂರಲ್ಲಿ ನಡತೆ ಕೆಡ್ತದೆ?” ಎಂದಳು.

“ನೀನೇ ಕಟ್ಟಿದ್ದಾ?”

“ನಾನೇ. ಸುಳ್ಳೇನು? ಆ ಹುಡುಗಿ ಹೆಂಗೆ ಹಾಡ್ತಾಳೆ ನೋಡಿ, ಅಂಥಾದ್ದು ದಿನಾ ಕೇಳಿಸ್ಕಂಡು ಸುಮ್ನೆ ಕೂತ್ಕಳಕಾಯ್ತದಾ? ಬಾಯಿಗೆ ಪದ ಬರ್ತದೆ. ಬಂದಿದ್ದು ಆಯಪ್ಪಂದೇ ಆಯ್ತು, ಏನ್ ಮಾಡ್ಲಿ?”

ಗಂಡನಿಗೂ ನಗು ಬಂತು. ಅವಳು ಮಾತ್ರ ನಗಲಿಲ್ಲ. “ಮಗಳಿಗೆ ಬ್ಯಾಗ್ ತಂದಿಟ್ಟಿದ್ದೆ ಸಾರ್” ಎಂದು ಹೇಳಿ ಕಿಟಕಿಯ ಕಡೆ ತಿರುಗಿದಳು.

ಸುದ್ದಿ ಬರೆಯುವ ಮುಂಚೆ ಎರಡೂ ಕಡೆ ಕೇಳಬೇಕು. ಭಾನುವಾರ ಕೆಳಗಿಳಿದು ಹೋದೆ. ಅವರು ಅಂಗಳದಲ್ಲಿ ಕೂತಿದ್ದರು. ಸ್ಪೀಕರ್ ಸುಮ್ಮನಿತ್ತು. ಭಾನುವಾರ ಹಾಗಾದದ್ದು ಅದೇ ಮೊದಲು.

“ಆಕೆ ಕೆಲಸದಲ್ಲಿ ತಪ್ಪು ಮಾಡಿದ್ದಾಳಾ?” ಎಂದು ಕೇಳಿದೆ.

“ಕೆಲಸ ಚೆನ್ನಾಗೇ ಮಾಡ್ತಾಳೆ.”

“ಮತ್ತೆ?”

ಸ್ಪೀಕರಿನ ಕಡೆ ಕೈ ತೋರಿಸಿ ಹೇಳಿದರು: “ಅದು ನನ್ನ ಆಲ್ಬಮ್ ಸಾರ್. ನಾನು ತಂದಿದ್ದು. ಅದರ ಮೇಲೆ ಎತ್ತಿನ ಹಾಡು ಹಾಕ್ಬಿಟ್ರು. ಈಗ ಹಾಕಿದ್ರೆ ನಂಗೆ ಅದೇ ಕೇಳಿಸ್ತದೆ. ಆ ಅಂಗಡಿ ಹುಡುಗಿ ನಕ್ಕಿದ್ದೂ ಎತ್ತಿನ ಹಲ್ಲು ನೋಡಿದಂಗೇ ಅನ್ನಿಸ್ತದೆ.”

“ಬೀಗರ ಹಾಡಿಗೆ ನಗಬೇಕಲ್ವಾ? ನೀವು ನಕ್ಕಿದ್ರೆ ಅಲ್ಲಿಗೆ ಮುಗೀತಿತ್ತು.”

“ಅವರು ನನ್ನ ಬೀಗರಲ್ಲ” ಎಂದರು. “ನನ್ನ ಕೈಕೆಳಗಿನವರು.”

ಒಳಗಿನಿಂದ ಅವರ ಹೆಂಡತಿ, “ಒಂದೆಲೆ ಅಡಿಕೆ ಕೊಟ್ಟಿದ್ರೆ ಏನು ಹೋಗ್ತಿತ್ತು?” ಎಂದದ್ದು ಇಬ್ಬರಿಗೂ ಕೇಳಿಸಿತು. ಅವರು ಎದ್ದು ಬಾಗಿಲು ಎಳೆದುಕೊಂಡು ಬಂದು ಮತ್ತೆ ಕೂತರು. ತಮಗೆ ಇಷ್ಟವಾದದ್ದನ್ನು ಕಳೆದುಕೊಂಡ ಮನುಷ್ಯನ ಮುಖ ಅದು. ನಾನು ಅದನ್ನು ನೋಡಿದೆ. ಮರುಗುವುದಕ್ಕೆ ಆಗಲಿಲ್ಲ. ಅವರು ಕಳೆದುಕೊಂಡದ್ದು ಒಂದು ಹಾಡು. ಅದಕ್ಕೆ ಪ್ರತಿಯಾಗಿ ಕಿತ್ತುಕೊಂಡದ್ದು ಒಂದು ಮನೆಯ ಲೆಕ್ಕಾಚಾರವನ್ನೆಲ್ಲ.

ಸುದ್ದಿ ಒಳಪುಟದಲ್ಲಿ ಸಣ್ಣದಾಗಿ ಬಂತು, ಇಬ್ಬರ ಮಾತಿನೊಂದಿಗೆ. ಇದು ಆಂತರಿಕ ವಿಚಾರ ಎಂದು ಕಾರ್ಖಾನೆಯವರು ಹೇಳಿದರು. ನಾಗವೇಣಿಗೆ ಆ ಕೆಲಸ ಮರಳಿ ಸಿಗಲಿಲ್ಲ. ಗಾಜು ಹಾಕಿದ ಹಳೆಯ ಲೇಖನ ಹಜಾರದಲ್ಲೇ ಉಳಿಯಿತು, ಮಹಡಿಯ ವಾಲ್ವು ಮತ್ತೆ ತಿರುಗಿತು. ಆ ವರ್ಷವೇ ನಾನು ಕೋಲಾರದ ಕಚೇರಿಗೆ ಬಂದೆ. ಬಸ್ಸಿನಲ್ಲಿ ಆಲ್ಬಮ್ಮಿನ ಹಾಡು ಮುಂದುವರಿಯಿತು. ನಿಲ್ಲಿಸಿದರೆ ಸೋತಂತೆ ಎಂದು ಅವರಿಗೆ ಅನ್ನಿಸಿರಬೇಕು. ಬಾಗಿಲಲ್ಲಿ ನಿಲ್ಲುವುದೂ ಮುಂದುವರಿಯಿತು.

ಬೀಳ್ಕೊಡುಗೆ ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ವರದಿಗೆಂದು ನಾನು ಹೋಗಿದ್ದೆ. ಪಾಳಿ ಮುಗಿಸಿದವರನ್ನು ಬಸ್ಸುಗಳಲ್ಲಿ ನೇರವಾಗಿ ಕರೆತಂದಿದ್ದರು. ಸಭಾಂಗಣದ ತುಂಬ ಕಾರ್ಖಾನೆಯ ಬಣ್ಣದ ಕೋಟು ತೊಟ್ಟ ಹೆಂಗಸರು, ಬಹುಪಾಲು ಹೊಸಬರು. ವೇದಿಕೆಯ ಮೇಲೆ ಜಪಾನಿನಿಂದ ಬಂದ ಹಿರಿಯ ಅಧಿಕಾರಿಯೊಬ್ಬರು. ಸಾವಿರಾರು ಮುಖಗಳಲ್ಲಿ ನಗು ಅರಳಿಸಿದವರು ಎಂದು ನಿರೂಪಕ ಹೇಳಿದ. ಶಾಲು, ಹಾರ, ಪೇಟ ಆದವು. ಹಣ್ಣು, ತೆಂಗಿನಕಾಯಿ, ಎಲೆ ಅಡಿಕೆ ಇದ್ದ ಬೆಳ್ಳಿ ಬಣ್ಣದ ತಟ್ಟೆಯನ್ನು ಅವರ ತೊಡೆಯ ಮೇಲೆ ಇಟ್ಟರು. ಆಮೇಲೆ ಅವರ ಮೆಚ್ಚಿನ ಹಾಡು ಎಂದು ಹೇಳಿ ಆ ಆಲ್ಬಮ್ಮಿನ ಮೊದಲ ಹಾಡು ಹಾಕಿದರು.

ಕಡ್ಡಿಗೆ ಕಡ್ಡಿ ತಟ್ಟಿತು. ದೊಡ್ಡ ಸ್ಪೀಕರುಗಳಲ್ಲಿ ಆ ಹುಡುಗಿ ನಕ್ಕಳು. ಸಭಾಂಗಣದಲ್ಲಿ ಹೆಂಗಸರೂ ನಕ್ಕರು, ಎಲ್ಲರೂ, ಅದೇ ಕ್ಷಣದಲ್ಲಿ. ಚಪ್ಪಾಳೆ ತಾಳ ಹಿಡಿಯಿತು. ಹಿಂದಿನ ಸಾಲುಗಳಿಂದ ಮೆಲ್ಲಗೆ ಶುರುವಾಗಿ ಮುಂದಕ್ಕೆ ಬಂತು:

ಹಲ್ಲು ನೋಡಿ ಹತ್ತಿಸ್ಕೋತಾನೆ ಬೀಗರ ಯಜಮಾನ...

ಜಪಾನಿನ ಅಧಿಕಾರಿಗೆ ಸಂತೋಷವಾಯಿತು. ತಮ್ಮ ದೇಶದ ಹಾಡನ್ನು ಇಲ್ಲಿನವರು ಕನ್ನಡದಲ್ಲಿ ಹಾಡುತ್ತಿದ್ದಾರೆಂದು ತಾವೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ನಮ್ಮವರು ಕೆಲವರು ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು. ನನ್ನ ಪಕ್ಕ ನಿಂತಿದ್ದ ಹುಡುಗಿಯನ್ನು ಈ ಪದ ಕಟ್ಟಿದ್ದು ಯಾರು ಎಂದು ಕೇಳಿದೆ. “ಗೊತ್ತಿಲ್ಲ ಸಾರ್. ಬಸ್ಸಲ್ಲಿ ಎಲ್ರೂ ಹೇಳ್ತಾರೆ. ಹೊಸದಾಗಿ ಸೇರಿದ್ರೆ ಮೊದ್ಲು ಇದನ್ನೇ ಕಲಿಸೋದು” ಎಂದಳು.

ನಾನು ಅವರನ್ನೇ ನೋಡುತ್ತಿದ್ದೆ. ತಟ್ಟೆ ತೊಡೆಯ ಮೇಲಿತ್ತು. ಎಲೆ ಅಡಿಕೆ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಎದ್ದು ಮುಂದಿನ ಸಾಲಿಗೆ ಬಂದು ನಕ್ಕು ಒಂದೆಲೆ ಕೊಟ್ಟಿದ್ದರೆ ಆ ಸಭಾಂಗಣ ಅವರನ್ನು ಹೊತ್ತು ಮೆರೆಸುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಅವರ ಕಡೆ ನೋಡಿ ತಲೆಯನ್ನು ಸ್ವಲ್ಪ ಆಡಿಸಿದರು, ಹೋಗಿ ಕೊಡಿ ಎನ್ನುವಂತೆ. ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಮೈಕಿನವನ ಕಡೆ ತಿರುಗಿ ನಿಲ್ಲಿಸು ಎಂದು ಸನ್ನೆ ಮಾಡಿದರು.

ಹಾಡು ನಿಂತಿತು. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಆ ಹುಡುಗಿ ಇಲ್ಲ. ಹೆಂಗಸರು ಮಾತ್ರ ನಿಲ್ಲಲಿಲ್ಲ. ತಾಳ ಒಂದಿಷ್ಟು ನಿಧಾನವಾಗಿ, ಮದುವೆ ಮನೆಯ ಗತ್ತಿಗೆ ಬಂತು. ಕೊನೆಯ ಸಾಲಿನವರೆಗೆ ಹೇಳಿ, ಮತ್ತೆ ಮೊದಲಿಂದ ಹಿಡಿದರು. ನಿರೂಪಕ ವಂದನಾರ್ಪಣೆಯನ್ನು ಅದರ ಮೇಲೇ ಓದಿದ.

ಮಾರನೆಯ ವಾರ ಮಾಲೂರಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ನಾಗವೇಣಿ ಈಗ ಅಲ್ಲಿ ಬಟ್ಟೆ ಹೊಲಿಯುವ ಘಟಕವೊಂದರಲ್ಲಿದ್ದಾಳೆ. ಇಲ್ಲೂ ಪರ್ಮನೆಂಟ್ ಅಲ್ಲ. ಮಗಳು ಊರಿನ ಶಾಲೆಯಲ್ಲೇ ಓದುತ್ತಿದ್ದಾಳೆ. ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಬಂದಳು. ಬೀಳ್ಕೊಡುಗೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಟಿಫನ್ ಡಬ್ಬಿ ಕೈಯಲ್ಲಿ ಹಿಡಿದು, ಮಧ್ಯೆ ಬಾಯಿ ಹಾಕದೆ ಕೇಳಿದಳು.

“ಆ ಹಾಡುಗಳು ನಿಮ್ ಫೋನಲ್ಲಿ ಅವಾ ಸಾರ್?” ಎಂದು ಕೇಳಿದಳು. “ಇದ್ರೆ ಕಳ್ಸಿ. ಎಷ್ಟು ದಿನ ಆಯ್ತು ಕೇಳಿ.”

ಕೊನೆಯ ಹಾಡನ್ನು ಅಲ್ಲೇ ಹಾಕಿ ಕೇಳಿಸಿದೆ. ಅವಳು ಅದನ್ನು ಎಂದೂ ಕೇಳಿರಲಿಲ್ಲ. ಗೋಡೆಗೆ ಒರಗಿ ಪೂರ್ತಿ ಕೇಳಿದಳು. “ಇಂಥಾದ್ದನ್ನ ಯಾಕೆ ಬಚ್ಚಿಟ್ಟಿದ್ದ ಆಯಪ್ಪ?” ಎಂದಳು.

ಒಳಗೆ ಗಂಟೆ ಹೊಡೆಯಿತು. ಡಬ್ಬಿಯ ಮುಚ್ಚಳ ಹಾಕುತ್ತಾ ಅವಳು ಕೇಳಿದಳು:

“ತಾಂಬೂಲ ಕೊಟ್ರಾ?”

“ಇಲ್ಲ.”

“ಹಂಗಾದ್ರೆ ಹಾಡಿನ್ನೂ ಮುಗ್ದಿಲ್ಲ ಬಿಡಿ” ಎಂದು ಹೇಳಿ ಗೇಟಿನೊಳಗೆ ಹೋದಳು.